ಎರಡು ನಡೆಯ ಎಂಜಿನು

ಬಳ್ಳಾರಿಯಿಂದ ಮೋಕದ ಕಡೆಗೆ ಹೊರಟವರಿಗೆ ಹಗರಿಯ ಮರಳು ಕಾಣುವುದಕ್ಕೆ ಮೊದಲೇ ಎರೆಭೂಮಿ ಕಾಣುತ್ತದೆ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ, ಮಳೆ ಬಿದ್ದ ಮರುದಿನ ಎತ್ತಿನ ಗೊರಸನ್ನು ಹಿಡಿದು ಬಿಡದ ನೆಲ ಅದು. ಕರಿಕೆ ಬೇರೂರಿದ ಹೊಲವನ್ನು ಆಳವಾಗಿ ಉಳಬೇಕಾದರೆ ಹಿಂದೆ ಭಾರಿ ರಂಟೆಗೆ ಹಲವು ಜೊತೆ ಎತ್ತುಗಳನ್ನು ಹೂಡಬೇಕಾಗುತ್ತಿತ್ತು. ನಮ್ಮ ಅಣ್ಣನವರು ಕೊಂಡ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರು ಆ ಎತ್ತುಗಳನ್ನೆಲ್ಲ ಒಂದೇ ಹಂಗಾಮಿನಲ್ಲಿ ನಿವೃತ್ತಿಗೊಳಿಸಿತು. ಈಗ ಅದೂ ನಿವೃತ್ತವಾಗಿ ಕಣದ ಬೇವಿನ ಕೆಳಗೆ ನಿಂತಿದೆ. ಎಂಜಿನಿನ ಅಚ್ಚು ಸೀಳಿದೆ. ಅಣ್ಣನವರಿಗೆ ಎಂಬತ್ತು ದಾಟಿದೆ. ಅದು ಇನ್ನೊಮ್ಮೆ ಹೊಲಕ್ಕಿಳಿಯುವುದನ್ನು ನೋಡಬೇಕೆಂಬ ಆಸೆಯನ್ನು ಅವರು ಮುಚ್ಚಿಟ್ಟಿಲ್ಲ.

ಅವರ ಮೊಮ್ಮಗ ನನ್ನ ಬಳಿಗೆ ಬಂದು, “ತಾತಾ, ಅದಕ್ಕೆ ಟೂ-ಸ್ಟ್ರೋಕ್ ಡೀಸೆಲ್ ಎಂಜಿನು ಕೂಡಿಸಿಬಿಡೋಣ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆಯುತ್ತಾರಲ್ಲ, ಅಲ್ಲಿಯ ಗುಜರಿಯಲ್ಲಿ ಹುಡುಕುತ್ತೇನೆ” ಎಂದ. ಕನ್ನಡ ಪಾಠ ಹೇಳಿ ಬದುಕಿದವನನ್ನು ಕೇಳುವ ಪ್ರಶ್ನೆಯಲ್ಲ ಇದು. ಆದರೂ ಕೇಳಿದನಲ್ಲ ಎಂದು ಓದಲು ಕುಳಿತೆ.

ಮೊದಲ ತೊಡಕು ಹೆಸರಿನದೇ. ‘ಸ್ಟ್ರೋಕ್’ ಎಂಬುದನ್ನು ‘ಹೊಡೆತ’ ಎಂದರೆ ಜಗಳದ ವಾಸನೆ ಬರುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ನು ಒಮ್ಮೆ ಏರುವುದು ಒಂದು ನಡೆ, ಇಳಿಯುವುದು ಇನ್ನೊಂದು ನಡೆ ಎನ್ನೋಣ. ಸಾಮಾನ್ಯ ಎಂಜಿನಿಗೆ ನಾಲ್ಕು ನಡೆಗಳು: ಗಾಳಿಯನ್ನು ಹೀರುವುದು, ಅದನ್ನು ಒತ್ತುವುದು, ಉರಿದು ಕೆಲಸಮಾಡುವುದು, ಹೊಗೆಯನ್ನು ದೂಡುವುದು. ನಾಲ್ಕರಲ್ಲಿ ದುಡಿಮೆ ಒಂದೇ. ಉಳಿದವು ಸಿದ್ಧತೆ ಮತ್ತು ಶುಚಿ. ಎರಡು ನಡೆಯ ಎಂಜಿನು ಹೀರುವ ಮತ್ತು ದೂಡುವ ಕೆಲಸಗಳೆರಡನ್ನೂ, ಪಿಸ್ಟನ್ನು ಕೆಳತುದಿ ಮುಟ್ಟಿ ಮರಳುವ ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಹೀಗಾಗಿ ಅದಕ್ಕೆ ಪ್ರತಿ ಸುತ್ತಿಗೂ ಒಂದು ದುಡಿಮೆ.

ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ತಾನೇ ಉಸಿರೆಳೆದುಕೊಳ್ಳಲು ಅದಕ್ಕೆ ಆಗದು, ಯಾರಾದರೂ ಊದಬೇಕು. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಈ ಎಂಜಿನಿಗೆ ಬ್ಲೋಅರು ಹಾಗೆ. ಅಮೆರಿಕದ ಜನರಲ್ ಮೋಟಾರ್ಸ್ 1938ರಲ್ಲಿ ಹೊರತಂದ ‘71’ ಮಾಲೆಯ ಡೀಸೆಲ್ಲುಗಳಲ್ಲಿ, ಪಕ್ಕದ ತಿದಿಯಿಂದ ಹೊರಟ ಗಾಳಿ ಸಿಲಿಂಡರಿನ ಗೋಡೆಯ ಕಿಂಡಿಗಳಿಂದ ಒಳನುಗ್ಗಿ, ಹೊಗೆಯನ್ನು ಮೇಲಿನ ಕವಾಟಗಳಿಂದ ಹೊರದಬ್ಬುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳೂ ಎರಡು ನಡೆಯವೇ. ಅವುಗಳಲ್ಲಿ ಗಾಳಿಯ ಜೊತೆ ಬೆರೆತ ಪೆಟ್ರೋಲೂ ಅಷ್ಟಿಷ್ಟು ಸುಡದೆಯೇ ಹೊಗೆಯೊಂದಿಗೆ ಹೊರಟುಹೋಗುತ್ತಿತ್ತು. ಡೀಸೆಲ್ಲಿನಲ್ಲಿ ಆ ನಷ್ಟವಿಲ್ಲ. ಗುಡಿಸಲು ಬರುವುದು ಬರಿಯ ಗಾಳಿ, ಎಣ್ಣೆ ಚಿಮ್ಮುವುದು ಬಾಗಿಲುಗಳೆಲ್ಲ ಮುಚ್ಚಿದ ಮೇಲೆ. ದುಡಿಮೆ ಇಮ್ಮಡಿಯಾದುದರಿಂದ ಶಕ್ತಿಯೂ ಇಮ್ಮಡಿ ಎಂದು ಹುಡುಗ ಲೆಕ್ಕ ಹಾಕಿದ್ದ. ಹಾಗಾಗುವುದಿಲ್ಲ. ತಿದಿಯನ್ನು ತಿರುಗಿಸಲು ಶಕ್ತಿ ಖರ್ಚಾಗುತ್ತದೆ. ಕಿಂಡಿಗಳು ತೆರೆದಿರುವಷ್ಟು ಹೊತ್ತು ಪಿಸ್ಟನ್ನಿನ ಓಟ ವ್ಯರ್ಥ.

ಈ ಜಾತಿಯ ಎಂಜಿನು ಟ್ರ್ಯಾಕ್ಟರಿಗೆ ಹೊಸತಲ್ಲ. ಜರ್ಮನಿಯ ಮಾನ್‌ಹೈಮಿನ ಲಾಂಟ್ಸ್ ಬುಲ್‌ಡಾಗ್ (1921) ಎರಡು ನಡೆಯದೇ. ಅದರ ಮೊದಲ ಮಾದರಿಗೆ ಹಿಂದಕ್ಕೆ ಚಲಿಸುವ ಗೇರೇ ಇರಲಿಲ್ಲ. ಎಂಜಿನನ್ನೇ ಉಲ್ಟಾ ತಿರುಗಿಸಿ ಹಿಂದೆ ಸರಿಯುತ್ತಿದ್ದರು! ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಒಂದೇ ದೈತ್ಯ ಸಿಲಿಂಡರಿನದು. ಮದ್ದಿನ ತೋಟಾ ಸಿಡಿಸಿಯೂ ಅದನ್ನು ಎಬ್ಬಿಸಬಹುದಾಗಿತ್ತು. ಅಮೆರಿಕದ ಆಲಿವರ್ ಕಂಪನಿ 1950ರ ದಶಕದಲ್ಲಿ ತನ್ನ ಸೂಪರ್ 99 ಟ್ರ್ಯಾಕ್ಟರಿಗೆ ಕಾರ್ಖಾನೆಯಲ್ಲೇ ‘71’ ಮಾಲೆಯ ಮೂರು ಸಿಲಿಂಡರಿನ ಎಂಜಿನು ಕೂಡಿಸಿ ಮಾರಿತು. ನಮ್ಮವರಿಗೂ ಈ ದನಿ ಅಪರಿಚಿತವಲ್ಲ. 1999ರಿಂದ ಅಮೆರಿಕದ ವಿನ್ಯಾಸದ ರೈಲ್ವೆ ಎಂಜಿನುಗಳು ಹುಬ್ಬಳ್ಳಿಯ ಶೆಡ್ಡಿಗೆ ಬಂದು ನಮ್ಮ ಗೂಡ್ಸು ಗಾಡಿಗಳನ್ನು ಎಳೆದವಲ್ಲ, ಅವು ಇದೇ ವಂಶದವು. ‘71’ ಎಂದರೆ ಒಂದು ಸಿಲಿಂಡರಿನ ಘನ ಅಂಗುಲಗಳು. ರೈಲಿನದು ‘710’, ಸರಿಯಾಗಿ ಹತ್ತು ಪಟ್ಟು.

ಅಣ್ಣನವರ ಮೇಜರಿನ ಮೂಲ ಎಂಜಿನು ನಾಲ್ಕು ಸಿಲಿಂಡರಿನ, 3.6 ಲೀಟರಿನದು. ಹುಡುಗನು ಬಯಸುವ ಮೂರು ಸಿಲಿಂಡರಿನ ‘71’ ಸುಮಾರು 3.5 ಲೀಟರು. ಗಾತ್ರದಲ್ಲಿ ಸಮಜೋಡಿ, ಶಕ್ತಿಯಲ್ಲಿ ಮಾತ್ರ ಹೊಸದು ಒಂದೂವರೆ ಪಟ್ಟಿಗೂ ಮಿಗಿಲು. ತೊಂದರೆ ಅಲ್ಲಿಯೇ. ಗೇರು, ಹಿಂದಿನ ಅಚ್ಚುಗಳು ಹಳೆಯ ಎಂಜಿನಿನ ಬಲಕ್ಕೆ ಅಳೆದು ಮಾಡಿದವು. ಎರೆಯಲ್ಲಿ ರಂಟೆ ಸಿಕ್ಕಿಕೊಂಡಾಗ ಮೊದಲು ಮುರಿಯುವುದು ಎಂಜಿನಲ್ಲ, ಗೇರಿನ ಹಲ್ಲು. ಇನ್ನೊಂದು: 1917ರ ಮೊದಲ ಫೋರ್ಡ್‌ಸನ್ನಿನಿಂದಲೂ ಈ ಮನೆತನದ ಟ್ರ್ಯಾಕ್ಟರುಗಳಿಗೆ ಲಾರಿಗಿರುವಂಥ ಚಾಸಿ ಇಲ್ಲ. ಎಂಜಿನಿನ ಮೈಯೇ ಬೆನ್ನೆಲುಬು. ಮುಂದಿನ ಗಾಲಿಗಳ ಭಾರವೆಲ್ಲ ಅದರ ಮೇಲೆ. ಅದನ್ನು ತೆಗೆದರೆ ಟ್ರ್ಯಾಕ್ಟರು ಎರಡು ತುಂಡು. ಹೊಸ ಎಂಜಿನಿನ ಎರಡೂ ಪಕ್ಕಕ್ಕೆ ದಪ್ಪ ಉಕ್ಕಿನ ಪಟ್ಟಿಗಳ ಚೌಕಟ್ಟು ಕಟ್ಟಬೇಕು, ಕ್ಲಚ್ಚಿನ ನಡುವೆ ಕೂದಲೆಳೆಯಷ್ಟೂ ಓರೆಯಾಗದ ತಟ್ಟೆಯೊಂದನ್ನು ಕಡೆಸಬೇಕು. ‘71’ ಎಂಜಿನುಗಳನ್ನು ಎಡಕ್ಕೆ ತಿರುಗುವಂತೆಯೂ ಬಲಕ್ಕೆ ತಿರುಗುವಂತೆಯೂ ಕಟ್ಟುತ್ತಿದ್ದರು. ನೋಡದೆ ಕೊಂಡರೆ ಮೇಜರು ಮುಂದಿನ ಗೇರುಗಳಲ್ಲೆಲ್ಲ ಹಿಂದಕ್ಕೆ ನಡೆದೀತು.

ಇಷ್ಟನ್ನೂ ಹುಡುಗ ಒಪ್ಪಿದ. ಒಂದು ವಿಷಯದಲ್ಲಿ ಮಾತ್ರ ನಾನು ದನಿಯೇರಿಸಬೇಕಾಯಿತು. ತಿದಿಯ ಮುದ್ರೆಗಳು ಸವೆದರೆ ಒಳಗಿನ ಕೀಲೆಣ್ಣೆಯೇ ಗಾಳಿಯೊಂದಿಗೆ ಸಿಲಿಂಡರಿಗೆ ಹೋಗುತ್ತದೆ. ಆಗ ಎಂಜಿನು ಡೀಸೆಲ್ಲಿಗಾಗಿ ಕಾಯುವುದಿಲ್ಲ. ತನ್ನ ಎಣ್ಣೆಯನ್ನೇ ಕುಡಿದು ಹುಚ್ಚೆದ್ದು ಓಡುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲದು. ಗಾಳಿಯ ಬಾಯಿ ಮುಚ್ಚುವುದೊಂದೇ ದಾರಿ. ಅದಕ್ಕೆಂದೇ ಅಲ್ಲೊಂದು ತಗಡಿನ ಬಾಗಿಲಿರುತ್ತದೆ. ಗುಜರಿಯ ಎಂಜಿನುಗಳಲ್ಲಿ ಅದು ತುಕ್ಕು ಹಿಡಿದು ಅಂಟಿರಬಹುದು, ಕಳೆದೂ ಹೋಗಿರಬಹುದು. “ಆ ಚೂರು ತಗಡಿಗೆ ಇಷ್ಟು ಗಲಾಟೆಯೇ ತಾತಾ?” ಎಂದ. ಆ ತಗಡು ಆಡುವುದನ್ನು ನನ್ನ ಕಣ್ಣಿಗೆ ತೋರಿಸದೆ ಗುಂಡಿ ಒತ್ತಕೂಡದು ಎಂದು ಮಾತು ತೆಗೆದುಕೊಂಡಿದ್ದೇನೆ.

ಉಳುಮೆಗೇ ಬೇಕಾದರೆ ಸಮಬಲದ ನಾಲ್ಕು ನಡೆಯ ಎಂಜಿನೊಂದನ್ನು ಬಳ್ಳಾರಿಯಲ್ಲೇ ಹುಡುಕುವುದು ವಿವೇಕ, ಬಿಡಿಭಾಗಗಳೂ ಸಿಕ್ಕಾವು. ಇದನ್ನೂ ಹೇಳಿದೆ. ಹುಡುಗನ ಮುಖ ಬಾಡಿತು.

ಬೇವಿನ ಕೆಳಗೆ ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳುತ್ತಿದ್ದ ಅಣ್ಣನವರು ಒಂದೇ ಮಾತು ಕೇಳಿದರು: “ಅದ್ರ ದನಿ ಬದಲಾಗ್ತದಲ್ಲ, ತಮ್ಮಾ?”

ಬದಲಾಗುತ್ತದೆ. ಹಳೆಯದು ಸುತ್ತಿಗೆ ಎರಡು ಬಾರಿ ಸಿಡಿಯುತ್ತಿತ್ತು. ಇದು ಮೂರು ಬಾರಿ. ವೇಗ ಒಂದೇ ಆದರೆ ಎರಡಕ್ಕೆ ಮೂರು, ಅಂದರೆ ಷಡ್ಜದಿಂದ ಪಂಚಮಕ್ಕೆ ಏರಿದಂತೆ. ಅಣ್ಣನವರು ಕಣ್ಣುಮುಚ್ಚಿ, ಗಂಟಲಲ್ಲೇ ಹಳೆಯ ಮೇಜರಿನ ಸದ್ದನ್ನು ಒಮ್ಮೆ ಹಿಡಿದು ನೋಡಿ, ಅಲ್ಲಿಂದ ಪಂಚಮಕ್ಕೆ ಏರಲು ಯತ್ನಿಸಿ ಕೆಮ್ಮಿದರು. ಹುಡುಗ ಓಡಿಹೋಗಿ ನೀರು ತಂದ.