ಫೈಬರ್ ಹೊದಿಸಿದರೆ ಹಳೇ ಬೋಟು ಹೊಸದಾಗುವುದಿಲ್ಲ

"ಬೋಟಿಗೆ ಪೂರ್ತಿ ಫೈಬರ್ ಹಾಕಿಸಿದ್ದೇವೆ. ಇನ್ನು ಹದಿನೈದು ವರ್ಷ ಮರದ ಚಿಂತೆ ಬೇಡ."

ಮಳೆಗಾಲದಲ್ಲಿ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಒಂದಕ್ಕೊಂದು ಆತು ನಿಂತಿರುತ್ತವೆ, ಮಾರುವವರಿಗೂ ಕೊಳ್ಳುವವರಿಗೂ ಮಾತಾಡಲು ಪುರುಸೊತ್ತಿರುತ್ತದೆ. ಸಾಲ ಮಾಡಿ, ಹೆಂಡತಿಯ ಒಡವೆ ಅಡವಿಟ್ಟು ಲಕ್ಷಗಟ್ಟಲೆ ಹಣ ಹೊಂದಿಸಿಕೊಂಡು ಬಂದ ಹುಡುಗರು ಈ ಒಂದು ಮಾತಿಗೆ ಮರುಳಾಗಿ ಮುಂಗಡ ಕೊಟ್ಟುಬಿಡುತ್ತಾರೆ. ಇಂಜಿನ್ನಿನ ಬಗ್ಗೆ ನೂರು ಪ್ರಶ್ನೆ ಕೇಳುವವರು ಮರದ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಕೇಳಿದರೆ "ಫೈಬರ್ ಇದೆಯಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಫೈಬರ್ ಇದೆ, ನಿಜ. ಅದರ ಹಿಂದೆ ಏನಿದೆ ಎಂದು ಯಾರೂ ನೋಡುವುದಿಲ್ಲ.

ಫೈಬರ್ ಹೊದಿಕೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ಸಣ್ಣ ದೋಣಿಗಳಿಗೆ ಫೈಬರ್ ಹೊದಿಸಿ ಪ್ರಯೋಗ ನಡೆಸಿದೆ. ಗಟ್ಟಿಮುಟ್ಟಾದ, ಚೆನ್ನಾಗಿ ಒಣಗಿದ ಮರಕ್ಕೆ ಕಟ್ಟುವಾಗಲೇ ಸರಿಯಾಗಿ ಹೊದಿಸಿದರೆ ಅದರಿಂದ ಪ್ರಯೋಜನವಿದೆ. ನಮ್ಮ ದಕ್ಕೆಗಳಲ್ಲಿ ಮಾರಾಟಕ್ಕೆ ನಿಂತ ಹಳೇ ಬೋಟುಗಳ ಕತೆಯೇ ಬೇರೆ. ವರ್ಷಗಟ್ಟಲೆ ನೀರು ಕುಡಿದ ಹಲಗೆಗೆ, ಅದೂ ಸೋರಲು ಶುರುವಾದ ಮೇಲೆ, ಸೋರಿಕೆ ಕಾಣದಂತೆ ಹಾಕಿದ ಹೊದಿಕೆ ಅದು. ಅದರಿಂದ ರೋಗ ವಾಸಿಯಾಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ಈ ನಂಬಿಕೆಯ ಬುಡದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬೋಟಿನ ಮರ ಕೊಳೆಯುವುದು ಕಡಲ ನೀರಿನಿಂದ, ಆದ್ದರಿಂದ ಹೊರಗಿನ ನೀರನ್ನು ತಡೆದರೆ ಸಾಕು ಎಂದು ಜನ ತಿಳಿದಿದ್ದಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಮರ ಕೊಳೆಸುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಅದಕ್ಕೆ ತೇವ ಬೇಕು, ಗಾಳಿ ಬೇಕು, ಉಪ್ಪು ಬೇಡ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಶೇ 30ರ ಆಸುಪಾಸು ದಾಟಿದರೆ ಭರದಿಂದ ಹಬ್ಬುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಭರಣಿಯ ಮಾವಿನ ಮಿಡಿಯನ್ನು ಕಾಯುವ ಉಪ್ಪೇ ಬೋಟಿನ ಹಲಗೆಯನ್ನೂ ಬೂಷ್ಟಿನಿಂದ ಕಾಯುತ್ತದೆ.

ಹಾಗಾದರೆ ಕೊಳೆಸುವ ನೀರು ಎಲ್ಲಿಂದ ಬಂತು? ಮೇಲಿನಿಂದ ಮತ್ತು ಒಳಗಿನಿಂದ. ಮೊದಲನೆಯದು ಮಳೆ. ಉಡುಪಿಯ ಕಡೆ ವರ್ಷಕ್ಕೆ ಸುರಿಯುವ ಮಳೆ ಸುಮಾರು 4,000 ಮಿಲಿಮೀಟರ್, ಅದರ ದೊಡ್ಡ ಪಾಲು ಬೋಟು ದಕ್ಕೆಯಲ್ಲಿ ನಿಂತ ತಿಂಗಳುಗಳಲ್ಲೇ ಬೀಳುತ್ತದೆ. ಡೆಕ್ಕಿನ ಸಂದು, ಕ್ಯಾಬಿನ್ನಿನ ಬುಡ, ವಿಂಚ್ ಕೂರಿಸಿದ ಬೋಲ್ಟಿನ ತೂತು, ಎಲ್ಲೆಲ್ಲಿ ಸೀಲು ಬಿಟ್ಟಿದೆಯೋ ಅಲ್ಲೆಲ್ಲ ಇಳಿಯುತ್ತದೆ. ಎರಡನೆಯದು ಐಸು. ಮೀನಿನ ಜೊತೆ ತುಂಬಿದ ಐಸು ಕರಗಿ ಹೋಲ್ಡಿನ ತಳಕ್ಕೆ ಹರಿಯುತ್ತದೆ. ಇವೆರಡೂ ಸಿಹಿನೀರು. ಹೊರಮೈಗೆ ಫೈಬರ್ ಇಲ್ಲದಿದ್ದಾಗ ಈ ನೀರು ಹಲಗೆಯ ಮೂಲಕ ಹೇಗೋ ಹೊರಬಿದ್ದು ಬಿಸಿಲಿಗೆ ಆರುತ್ತಿತ್ತು. ಫೈಬರ್ ಹಾಕಿದ ಮೇಲೆ ಆ ದಾರಿ ಬಂದ್. ಮರವನ್ನು ನೀರಿನಿಂದ ಕಾಪಾಡಲು ಹಾಕಿದ ಹೊದಿಕೆ ನೀರನ್ನೇ ಮರದೊಳಗೆ ಕೂಡಿಹಾಕುತ್ತದೆ.

ಅಂಟಿನ ಮಾತನ್ನೂ ಆಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್, ಅಗ್ಗ ಎಂಬ ಕಾರಣಕ್ಕೆ. ಒದ್ದೆ ಮರಕ್ಕೆ ಅದು ಹಿಡಿಯುವುದಿಲ್ಲ. ತೇಗದಂಥ ಎಣ್ಣೆಯಂಶದ ಮರಕ್ಕೂ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟು ಸಾಲದೆಂಬಂತೆ ಮರ ಸುಮ್ಮನಿರುವ ವಸ್ತುವೂ ಅಲ್ಲ, ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ, ಅಲೆ ಹೊಡೆದಾಗ ಹಲಗೆ ಹಲಗೆಯೂ ಒಂದಿಷ್ಟು ಅಲುಗುತ್ತದೆ. ಫೈಬರ್ ಹಾಗೆ ಉಬ್ಬಿ ಕುಗ್ಗುವುದಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಎರಡರ ನಡುವೆ ತೆಳು ಸಂದು ಬಿಡುತ್ತದೆ. ನೀರು ನಿಲ್ಲಲು ಅಷ್ಟು ಜಾಗ ಸಾಕು.

ಹಲಗೆಯನ್ನು ಹಿಡಿದಿಟ್ಟ ಕಬ್ಬಿಣದ ಮೊಳೆ, ಬೋಲ್ಟುಗಳ ಪಾಡು ಇನ್ನೂ ಕಷ್ಟ. ಒದ್ದೆ ಮರದೊಳಗೆ ಅವು ತುಕ್ಕು ಹಿಡಿದು ಸವೆಯುತ್ತವೆ, ತುಕ್ಕಿನ ರಸ ಸುತ್ತಲಿನ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಬೋಟು ಹೊರಗಿನಿಂದ ನುಣ್ಣಗೆ ಹೊಳೆಯುತ್ತಿರುವಾಗ ಒಳಗೆ ಹಲಗೆಗೂ ರಿಬ್ಬಿಗೂ ಸಂಬಂಧವೇ ಕಡಿದುಹೋಗಿರಬಹುದು. ಇಂಥ ಬೋಟು ದಕ್ಕೆಯಲ್ಲಿ ನಿಂತಿರುವಷ್ಟು ದಿನ ಏನೂ ಆಗುವುದಿಲ್ಲ. ಅದರ ಪರೀಕ್ಷೆ ನಡೆಯುವುದು ಬಲೆ ತುಂಬಿ ವಿಂಚ್ ಎಳೆಯುವಾಗ, ದಡದಿಂದ ಬಲು ದೂರದಲ್ಲಿ, ಗಾಳಿ ಎದ್ದಾಗ.

ಹೊದಿಕೆಯ ಈ ಪಾಠ ಹೊಸದೇನಲ್ಲ. ಮರದ ಹಡಗುಗಳನ್ನು ಕೊರೆದು ತಿನ್ನುವ ಹಡಗುಹುಳು ಹಿಂದಿನ ನಾವಿಕರ ದೊಡ್ಡ ಶತ್ರು. ಹುಳು ಎಂದರೂ ಅದು ಮರುವಾಯಿಯ ಜಾತಿಗೆ ಸೇರಿದ ಮೃದ್ವಂಗಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಲ್ಲಿ ಒಳನುಗ್ಗಿ, ಬೆಳೆಯುತ್ತ ಹಲಗೆಯನ್ನು ಒಳಗಿಂದೊಳಗೇ ಸುರಂಗ ಮಾಡುತ್ತದೆ. ಕೊಲಂಬಸ್ 1503ರಲ್ಲಿ ಜಮೈಕಾದ ದಡಕ್ಕೆ ಹಡಗುಗಳನ್ನು ಹತ್ತಿಸಿ ಕೂರಬೇಕಾದದ್ದು ಇದರ ಕಾಟದಿಂದಲೇ. ಬ್ರಿಟಿಷ್ ನೌಕಾಪಡೆ ಇದಕ್ಕೆ ಪರಿಹಾರವೆಂದು 1761ರಲ್ಲಿ ಎಚ್‌ಎಂಎಸ್ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಎರಡು ವರ್ಷದ ನಂತರ ಪರೀಕ್ಷಿಸಿದಾಗ ಮರಕ್ಕೆ ಹುಳು ಹಿಡಿದಿರಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಅಪ್ಪಿತಪ್ಪಿ ಹಾಗೇ ಉಳಿದು ಎರಡು ಲೋಹಗಳನ್ನು ದೂರ ಇಟ್ಟಿತ್ತೋ ಅಲ್ಲಿ ಮಾತ್ರ ಮೊಳೆ ನೆಟ್ಟಗಿತ್ತು. ಹೊದಿಕೆಯನ್ನು ಕಿತ್ತು ನೋಡಿದ್ದರಿಂದ ಅವರಿಗೆ ಇದು ತಿಳಿಯಿತು. ನಾವು 260 ವರ್ಷ ಕಳೆದ ಮೇಲೂ ಹೊದಿಕೆಯನ್ನು ಮುಟ್ಟಿ ನೋಡಿ "ಗಟ್ಟಿ ಇದೆ" ಎನ್ನುತ್ತೇವೆ.

ಹಾಗಾದರೆ ನೋಡುವುದು ಹೇಗೆ? ಹೊರಗಿನಿಂದ ನೋಡಬೇಡಿ, ಒಳಗಿಳಿಯಿರಿ. ಹೋಲ್ಡಿನ ತಳದ ಹಲಗೆಗಳನ್ನು ಎತ್ತಿಸಿ, ಟಾರ್ಚ್ ಹಿಡಿದು ಮಂಡಿಯೂರಿ ಕೂತು ನೋಡಿ. ಸಣ್ಣ ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಎಂದು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಕೊಳೆತದ್ದು ದಬ್ ಎಂದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹೊರಗಿನ ಫೈಬರಿನ ಮೇಲೂ ಹೀಗೇ ತಟ್ಟಿ, ಮರದಿಂದ ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು ಬರುತ್ತದೆ. ಅನುಮಾನ ಬಂದಲ್ಲಿ ಮೊನಚು ದಬ್ಬಳದಿಂದ ಚುಚ್ಚಿ ನೋಡಿ. ಹೆಬ್ಬಲಸಿನಂಥ ಒಳ್ಳೆ ಮರದಲ್ಲಿ ಅದು ಕೂದಲೆಳೆಯಷ್ಟೂ ಇಳಿಯದು.

ಇದರಿಂದಲೂ ತೀರ್ಮಾನವಾಗದಿದ್ದರೆ ಮಾಲೀಕರ ಒಪ್ಪಿಗೆ ಪಡೆದು, ಬೋಟು ದಡದ ಮೇಲಿರುವಾಗ, ಒಳಗಿನಿಂದ ಸಣ್ಣ ಡ್ರಿಲ್‌ನಲ್ಲಿ ಒಂದು ತೂತು ಕೊರೆಯಿರಿ. ಬಿಟ್ಟಿನ ಜೊತೆ ಹೊರಬರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಮರದ ಸಹಜ ಬಣ್ಣ, ಸುರುಳಿ ಸುರುಳಿಯಾದ ಒಣ ಹೊಟ್ಟು ಬಂದರೆ ನೆಮ್ಮದಿ. ಕಾಫಿ ಚರಟದ ಬಣ್ಣದ ಒದ್ದೆ ಪುಡಿ ಬಂದು, ಅದರ ಹಿಂದೆ ಕಂದು ನೀರು ಒಸರಿದರೆ, ಮೂಗಿಗೆ ಹುಳಿ ಮುಗ್ಗಲು ವಾಸನೆ ಬಡಿದರೆ ಅಲ್ಲಿಗೇ ಮಾತು ನಿಲ್ಲಿಸಿ. ತೂತನ್ನು ಮರದ ಬಿರಡೆ, ಎಪಾಕ್ಸಿ ಹಾಕಿ ಮುಚ್ಚಿ ಕೊಡುವುದು ಅರ್ಧ ಗಂಟೆಯ ಕೆಲಸ. ಮುಚ್ಚಿ ಕೊಡುತ್ತೇನೆಂದರೂ ಕೊರೆಯಲು ಬಿಡದ ಮಾಲೀಕ ತನಗೆ ಗೊತ್ತಿರುವುದನ್ನು ಬಾಯಿಬಿಡದೆ ಹೇಳಿದಂತೆಯೇ. ಒಂದೆರಡು ಬೋಲ್ಟನ್ನೂ ಬಿಚ್ಚಿಸಿ ನೋಡಿ, ನಡುಭಾಗ ಸೊಂಟದಂತೆ ಸವೆದಿದ್ದರೆ ಉಳಿದವೂ ಹಾಗೇ ಇರುತ್ತವೆ. ಮಾರುವವರಿಗೆ ಯಾವ ರೀತಿಯಲ್ಲೂ ಬೇಕಾದವನಲ್ಲದ ಬೋಟು ಬಡಗಿಯೊಬ್ಬನನ್ನು ಸಂಬಳ ಕೊಟ್ಟು ಕರೆದುಕೊಂಡು ಹೋಗಿ. ಬೋಟಿನ ಬೆಲೆಯ ಮುಂದೆ ಅವನ ಒಂದು ದಿನದ ಕೂಲಿ ಏನೇನೂ ಅಲ್ಲ.

ಮಿಕ್ಕ ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

"ಸ್ಟೀಲ್ ಬೋಟಿಗೆ ಪೇಂಟ್ ಚೆನ್ನಾಗಿದ್ದರೆ ತಗಡೂ ಚೆನ್ನಾಗಿರುತ್ತದೆ." ಪೇಂಟ್ ಇರುವುದು ಹೊರಗೆ, ಸ್ಟೀಲನ್ನು ಹೆಚ್ಚಾಗಿ ತಿನ್ನುವುದು ತಳದಲ್ಲಿ ನಿಂತ ಉಪ್ಪುನೀರು, ಒಳಗಿನಿಂದ. ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರಿನಿಂದ ಅಳೆಸಿ, ಝಿಂಕ್ ಗಟ್ಟಿಗಳು ಎಷ್ಟು ಸವೆದಿವೆ ನೋಡಿ.

"ಇಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು, ಹಾಗಾಗಿ ಕಂಡೀಷನ್." ನೀವು ಬರುವ ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಯಾವುದಾದರೂ ಹಾಗೇ ಸ್ಟಾರ್ಟ್ ಆಗುತ್ತದೆ. ತಣ್ಣಗಿರುವಾಗಲೇ ಮುಟ್ಟಿ ನೋಡಿ, ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ, ಮತ್ತು ಕಡಲಿಗಿಳಿಸುವ ಅವಕಾಶ ಇರುವಾಗ ಒಂದು ಗಂಟೆಯಾದರೂ ಭಾರದಲ್ಲಿ ಓಡಿಸಿ ಬಿಸಿ ಏರುತ್ತದೋ ನೋಡಿ.

"ಹೆಚ್ಚು ಎಚ್‌ಪಿ, ಹೆಚ್ಚು ಮೀನು." ನೀರನ್ನು ಸೀಳಿಕೊಂಡು ಹೋಗುವ ಬೋಟಿನ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ಆ ಮಿತಿ ಮುಟ್ಟಿದ ಮೇಲೆ ಹೆಚ್ಚುವರಿ ಎಚ್‌ಪಿ ಸುಡುವುದು ಡೀಸೆಲನ್ನು, ಅಲುಗಿಸುವುದು ಹಳೇ ಹಲಗೆಯನ್ನು.

"ಕಾಗದ ಪತ್ರ ಆಮೇಲೆ ಮಾಡಿಕೊಳ್ಳಬಹುದು." ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ 2008ರ ನವೆಂಬರಿನಲ್ಲಿ ಉಗ್ರರು ಮುಂಬೈಗೆ ಬಂದ ಮೇಲೆ ಕಡಲಿನಲ್ಲಿ ತಪಾಸಣೆ ಬಿಗಿಯಾಗಿದೆ. ನೋಂದಣಿ ನಿಮ್ಮ ಹೆಸರಿಗೆ ಬಾರದೆ, ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಪ್ರಕಾರ ಲೈಸೆನ್ಸ್ ಇಲ್ಲದೆ ಬೋಟು ಇಳಿಸಿದರೆ ತೊಂದರೆ ನಿಮಗೇ. ಬೋಟಿನ ಮೇಲೆ ಕೊರೆದ ಸಂಖ್ಯೆ, ನೋಂದಣಿ ಪತ್ರದ ಸಂಖ್ಯೆ, ಇಂಜಿನ್ ನಂಬರ್ ಮೂರನ್ನೂ ತಾಳೆ ನೋಡಿ, ಬ್ಯಾಂಕು ಅಥವಾ ಸಹಕಾರಿ ಸಂಘದ ಸಾಲ ತೀರಿದ ಪತ್ರ ಕೈಗೆ ಬಂದ ಮೇಲೆ ಹಣ ಕೊಡಿ.

"ಸಣ್ಣ ಫೈಬರ್ ದೋಣಿಯಲ್ಲಿ ಮರವೇ ಇಲ್ಲ, ಕೊಳೆಯುವ ಮಾತೇ ಇಲ್ಲ." ಔಟ್‌ಬೋರ್ಡ್ ಇಂಜಿನ್ ತೂಗುಹಾಕುವ ಹಿಂಭಾಗದ ಫೈಬರಿನೊಳಗೆ ಸಾಮಾನ್ಯವಾಗಿ ಪ್ಲೈವುಡ್ಡೋ ಹಲಗೆಯೋ ಇರುತ್ತದೆ, ಮೊದಲು ಹೋಗುವುದೂ ಅದೇ.

ಇಷ್ಟೆಲ್ಲ ಗುಟ್ಟಿನ ವಿದ್ಯೆಯಲ್ಲ. ನಮ್ಮ ಹಿರಿಯ ತಾಂಡೇಲರಿಗೆ ಇದೆಲ್ಲ ಗೊತ್ತಿತ್ತು. ಮರವನ್ನು ಮೂಸಿ ನೋಡಿ, ಉಗುರಿನಿಂದ ಕೆರೆದು ನೋಡಿ ಹೇಳುವವರಿದ್ದರು. ಈಗ ಹೊಳಪನ್ನು ನಂಬುತ್ತೇವೆ. "ಅದೃಷ್ಟದ ಬೋಟು, ಹೋದ ವರ್ಷ ಒಳ್ಳೆ ಮೀನು ಹಿಡಿದಿದೆ" ಎಂಬುದು ಬೋಟಿನ ಗುಣಪತ್ರವಾಗಿದೆ. ಮೊಬೈಲಿನಲ್ಲಿ ಬಂದ ಎರಡು ನಿಮಿಷದ ವಿಡಿಯೋ ನೋಡಿ ಮುಂಗಡ ಕಳಿಸುವವರಿದ್ದಾರೆ. ಹತ್ತು ಸಾವಿರದ ಫೋನ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಾವು, ಏಳೆಂಟು ಜನರ ಜೀವ ಹೊತ್ತು ಸಾಗುವ ಬೋಟನ್ನು ಪರಿಚಯದವರ ಮಾತಿನ ಮೇಲೆ ಕೊಳ್ಳುತ್ತೇವೆ. ಪ್ರಶ್ನೆ ಕೇಳಿದರೆ ಮಾರುವವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ ಬೇರೆ. ಶ್ರಾವಣದ ಹುಣ್ಣಿಮೆಗೆ ಸಮುದ್ರರಾಜನಿಗೆ ಹಾಲೆರೆದು, ಹೂವು ಅರ್ಪಿಸಿ ಬೇಡಿಕೊಳ್ಳುವುದು ನಮ್ಮ ಸಂಪ್ರದಾಯ, ನಾನೂ ಕೈಮುಗಿಯುತ್ತೇನೆ. ಆದರೆ ಕಡಲು ಕಾಯಬೇಕಾದರೆ ಬೋಟಿನ ಹಲಗೆ ಕಾಯುವಷ್ಟು ಗಟ್ಟಿಯಿರಬೇಕು, ಅದನ್ನು ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಸಾಲ ಕೊಡುವ ಸಹಕಾರಿ ಸಂಘಗಳಿಗೂ ಬ್ಯಾಂಕುಗಳಿಗೂ ನನ್ನದೊಂದು ಒತ್ತಾಯವಿದೆ. ಹಳೇ ಬೋಟಿಗೆ ಸಾಲ ಮಂಜೂರು ಮಾಡುವ ಮೊದಲು, ದಡಕ್ಕೆ ಎಳೆದು ಒಳಗೂ ಹೊರಗೂ ಪರೀಕ್ಷಿಸಿದ ಲಿಖಿತ ವರದಿ ಕಡ್ಡಾಯ ಮಾಡಿ. ಅದಕ್ಕೆ ತಗಲುವ ಖರ್ಚನ್ನು ಸಾಲಕ್ಕೇ ಸೇರಿಸಿ. ಕೊಳೆತ ಬೋಟು ಒಂದು ಸಲ ಕೈ ಬದಲಾಯಿಸಿದರೆ ಅದರ ಸಾಲ ತೀರಿಸುವವನು ಅದೇ ಬೋಟಿನಲ್ಲಿ ಕಡಲಿಗೆ ಹೋಗಲೇಬೇಕಾಗುತ್ತದೆ, ಬೇರೆ ದಾರಿ ಅವನಿಗಿರುವುದಿಲ್ಲ. ಅವನ ಜೊತೆ ಹೋಗುವ ಖಲಾಸಿಗಳಿಗಂತೂ ಫೈಬರಿನ ಹಿಂದೆ ಏನಿದೆ ಎಂದು ಕೇಳುವ ಹಕ್ಕೂ ಇಲ್ಲ. ಅವರ ಪರವಾಗಿ ಕೇಳಬೇಕಾದವರು ಹಣ ಎಣಿಸಿ ಕೊಡುವವರು. ಮುಂಗಡ ಕೊಡುವ ಮುನ್ನ ಹೋಲ್ಡಿನೊಳಗೆ ಇಳಿದು, ಸುತ್ತಿಗೆ ಹಿಡಿದು, ಕೇಳಿ.