ಹುಳುವಿನ ಜ್ವರ, ಓದುವವರ ನಿದ್ದೆ

ರೇಷ್ಮೆ ಸಾಕುವವರ ಮನೆಯಲ್ಲಿ ‘ಜ್ವರ’ ಎಂದರೆ ಕಾಯಿಲೆಯಲ್ಲ. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಬಾರಿ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಹೆಚ್ಚುಕಡಿಮೆ ಒಂದು ದಿನ ಹೀಗಿದ್ದು ಹಳೆಯ ಚರ್ಮ ಕಳಚಿ ಏಳುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರು ಇದನ್ನು ಮೊದಲ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಚೀನಾ, ಜಪಾನುಗಳಲ್ಲಿ ಇದಕ್ಕೆ ‘ನಿದ್ದೆ’ ಎಂದೇ ಹೆಸರು.

ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಸುಮ್ಮನಾಗುತ್ತಾರೆ. ನಾಲ್ಕು ಹುಳು ಎದ್ದವೆಂದು ಅವಸರಪಟ್ಟು ಸೊಪ್ಪು ಹಾಕಿದರೆ ಬೆಳವಣಿಗೆ ಏರುಪೇರಾಗುತ್ತದೆ. ಒಂದು ಹುಳು ಹಣ್ಣಾಗಿ ಚಂದ್ರಿಕೆಗೆ ಹೋಗುವ ಹೊತ್ತಿಗೆ ಇನ್ನೊಂದು ಮೇಯುತ್ತಲೇ ಇರುತ್ತದೆ. ಸುಮ್ಮನೆ ಕೂತ ಹೊತ್ತೂ ಬೆಳೆಯುವ ಹೊತ್ತೇ ಎಂಬುದನ್ನು ಈ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಯಲ್ಲಿ ಪದವಿ ಓದುವ ಮಗನೋ ಮಗಳೋ ಇದ್ದರೆ ಮಾತ್ರ ಲೆಕ್ಕ ಬೇರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಆ ಕೊನೆಯ ಒಂದು ವಾರದಲ್ಲಿ ಖರ್ಚಾಗುತ್ತದೆ. ಕೊಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದ ಮೇಲೆ ರಾತ್ರಿಯ ದುಡಿಮೆ ಇಳಿದಿದೆ, ನಿಜ. ಆದರೂ ಹೊತ್ತು ಮೀರಿ ಸೊಪ್ಪು ಹಾಕಿ ಮಲಗಿದವರು ಮುಂಜಾನೆ ಎದ್ದು ಬೆಂಗಳೂರಿನ ಕಾಲೇಜಿಗೆ ಹೊರಡಬೇಕು. ರಾಮನಗರ, ಚನ್ನಪಟ್ಟಣದವರಿಗೆ ರೈಲುಂಟು. ಮಾಗಡಿ, ಕನಕಪುರದವರಿಗೆ ಬಸ್ಸೇ ಗತಿ. ಕಿಟಕಿಗೆ ತಲೆಯಾನಿಸಿ ತೂಗುವ ಆ ಒಂದು ಗಂಟೆಯನ್ನೂ ನಿದ್ದೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವವರಿದ್ದಾರೆ. ಹುಳು ಸಾಕದ ಮನೆಗಳಲ್ಲಿ ಆ ರಾತ್ರಿಯ ಕೆಲಸವನ್ನು ಮೊಬೈಲ್ ವಹಿಸಿಕೊಂಡಿದೆ.

ಓದುವವರು ನಿದ್ದೆ ಬಿಡಬೇಕೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ನಾಯಿಯಂಥ ನಿದ್ದೆಯೂ ಒಂದೆಂದು ಹಿರಿಯರು ಹೇಳುತ್ತಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದ್ದು ಮರೆಯುವುದಿಲ್ಲ ಎಂಬ ಮಾತಂತೂ ಮನೆಮನೆಯದು. ಆದರೆ ಅದನ್ನು ಹೇಳಿದವರ ಕಾಲದಲ್ಲಿ ಊರಿಗೆ ವಿದ್ಯುತ್ತಿರಲಿಲ್ಲ. ಬುಡ್ಡಿದೀಪ ಬೇಗ ಆರುತ್ತಿತ್ತು. ಬೇಗ ಮಲಗುವ ಅರ್ಧ ಬಿಟ್ಟುಹೋಗಿ ಬೇಗ ಏಳುವ ಅರ್ಧ ಮಾತ್ರ ಉಳಿದುಕೊಂಡಿದೆ.

ಹದಿಹರೆಯದಿಂದ ಇಪ್ಪತ್ತರ ಆಚೀಚೆಯವರೆಗೆ ದೇಹದ ಗಡಿಯಾರ ತಡವಾಗಿ ಓಡುವುದರಿಂದ ತೊಡಕು ಇನ್ನೂ ಹೆಚ್ಚು. ಈ ವಯಸ್ಸಿನವರಿಗೆ ನಿದ್ದೆ ಹತ್ತುವುದೇ ತಡ. ಅದು ಬರೀ ಸೋಮಾರಿತನವಲ್ಲ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ಕನಸಿನ ನಿದ್ದೆ ಬೆಳಗಿನ ಜಾವದಲ್ಲಿ ಹೆಚ್ಚು. ನಾಲ್ಕು ಗಂಟೆಗೆ ಎಬ್ಬಿಸಿದರೆ ಹೋಗುವುದು ಹೆಚ್ಚಾಗಿ ಈ ಎರಡನೆಯದೇ. 18ರಿಂದ 25 ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು.

ನಿದ್ದೆಗೂ ನೆನಪಿಗೂ ಇರುವ ನಂಟನ್ನು 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರೇ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಅರ್ಥವಿಲ್ಲದ ಹತ್ತು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಎಂಟು ಗಂಟೆಯ ಬಳಿಕ ಕೇಳಿದರು. ಮಲಗಿ ಎದ್ದಾಗ ಸರಾಸರಿ ಐದಾರು ನೆನಪಿದ್ದವು. ಎಚ್ಚರವಾಗಿ ಕಳೆದಾಗ ಉಳಿದದ್ದು ಒಂದೇ ಒಂದು.

ಹಾಗಾದರೆ ಪರೀಕ್ಷೆಯ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದರಾಯಿತಲ್ಲ ಎನ್ನಬಹುದು. ಅಲ್ಲೇ ಇರುವುದು ಪೇಚು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಸುಮಾರು ನೂರು ವಿದ್ಯಾರ್ಥಿಗಳ ಮಣಿಕಟ್ಟಿಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ಒಂದು ಸೆಮಿಸ್ಟರ್ ಇಡೀ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಪಾಠ ನಡೆದ ವಾರಗಳುದ್ದಕ್ಕೂ ಸಾಕಷ್ಟು ಮತ್ತು ಒಂದೇ ಹದದಲ್ಲಿ ಮಲಗಿದವರಿಗೆ ಅಂಕ ಹೆಚ್ಚಿತ್ತು. ಇಂಥ ಗಮನಿಕೆಯಿಂದ ಕಾರಣವೇ ಸಿಕ್ಕಿತೆಂದು ಹೇಳಲಾಗದು, ಒಳ್ಳೆಯ ಓದುಗರು ಮೊದಲಿಂದಲೂ ಹೊತ್ತಿಗೆ ಮಲಗುವವರಿರಬಹುದು. ಆದರೂ ಹುಳು ಸಾಕಿದವರಿಗೆ ಇದು ಅಷ್ಟೇನೂ ಅಪರಿಚಿತ ಮಾತಲ್ಲ. ನಾಲ್ಕನೇ ಜ್ವರದಲ್ಲಿ ಎಷ್ಟೇ ಜೋಪಾನ ಮಾಡಿದರೂ ಎರಡನೆಯದರಲ್ಲಿ ಕೆಟ್ಟ ತಟ್ಟೆ ಸರಿಹೋಗುವುದಿಲ್ಲ.

ಚಾಕಿ ಹುಳು ಮನೆಗೆ ಬಂದ ದಿನವೇ ಸೊಪ್ಪಿನ ಆ ಕೊನೆಯ ವಾರ ಯಾವ ತಾರೀಖಿಗೆ ಬೀಳುತ್ತದೆಂದು ಲೆಕ್ಕ ಹಾಕಿರುತ್ತಾರೆ. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹುಳು ತರುವುದನ್ನು ಒಂದು ವಾರ ಮುಂದಕ್ಕೆ ಹಾಕಬಹುದು. ತೋಟದಲ್ಲಿ ಸೊಪ್ಪು ಬಲಿತುಹೋಗುವ ಹಾಗಿದ್ದರೆ ಅದೂ ಆಗದು.