ನಿಮಗಿದು ಗೊತ್ತೆ?: ನೆಹರೂ ಕುಳಿತ ವಿಮಾನದ ಕಾಕ್‌ಪಿಟ್‌ನಲ್ಲಿ ಒಬ್ಬ ಗೃಹಿಣಿ!

ಮೈಸೂರು ಮಹಾರಾಜರ ಡಕೋಟಾ ವಿಮಾನ ಹಾರಿಸುತ್ತಿದ್ದುದು ಗಂಡ–ಹೆಂಡತಿ! ಕ್ಯಾಪ್ಟನ್ ವಿ. ಸುಂದರಂ ಪೈಲಟ್, ಪಕ್ಕದ ಸೀಟಿನಲ್ಲಿ ಸಹ ಪೈಲಟ್ ಆಗಿ ಪತ್ನಿ ಉಷಾ ಸುಂದರಂ. ಜಯಚಾಮರಾಜ ಒಡೆಯರ್ ಮಾತ್ರವಲ್ಲ, ನೆಹರೂ, ಸರ್ದಾರ್ ಪಟೇಲ್, ಬಾಬು ರಾಜೇಂದ್ರ ಪ್ರಸಾದ್ ಕೂಡ ಈ ದಂಪತಿಯ ಪ್ರಯಾಣಿಕರಾಗಿದ್ದರು.

1924ರಲ್ಲಿ ಹುಟ್ಟಿದ ಉಷಾ ವಿಮಾನ ಹಾರಿಸಲು ಕಲಿತದ್ದು ಮದುವೆಯಾದ ಮೇಲೆ. ಬೆಂಗಳೂರಿನ ಜಕ್ಕೂರು ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದರು. ಆ ಶಾಲೆಯಿಂದ ಹೊರಬಂದ ಮೊದಲ ಪೈಲಟ್ ಇವರೇ.

ಡಕೋಟಾ ಸುಲಭದ ವಿಮಾನವಲ್ಲ. ನೆಲದ ಮೇಲಿದ್ದಾಗ ಬಾಲ ಕೆಳಗೆ, ಮೂತಿ ಆಕಾಶಕ್ಕೆ. ನೇರ ಮುಂದಿನ ದಾರಿಯೇ ಪೈಲಟ್‌ಗೆ ಸರಿಯಾಗಿ ಕಾಣದು. ರನ್‌ವೇವರೆಗೆ ಅತ್ತಿತ್ತ ಓರೆಯಾಗಿ ತಿರುಗಿಸುತ್ತ, ಪಕ್ಕದ ಕಿಟಕಿಯಿಂದ ಇಣುಕುತ್ತಲೇ ಸಾಗಬೇಕು. ಉಷಾ ಸಾಹಸ ಇಷ್ಟಕ್ಕೇ ಮುಗಿಯುವುದಿಲ್ಲ. ದೇಶ ವಿಭಜನೆಯ ನಂತರ ಪಾಕಿಸ್ತಾನದಿಂದ ಜನರನ್ನು ಕರೆತಂದ ಹಾರಾಟಗಳಲ್ಲೂ ಅವರು ಇದ್ದರು.

ಇನ್ನೂ ದೊಡ್ಡ ಸಾಹಸ 1950ರ ದಶಕದ ಆರಂಭದ್ದು. ಮದರಾಸು ಸರ್ಕಾರಕ್ಕಾಗಿ ಖರೀದಿಸಿದ ಡಿ ಹ್ಯಾವಿಲೆಂಡ್ ಡವ್ ಎಂಬ ಪುಟ್ಟ ವಿಮಾನವನ್ನು ದಂಪತಿ ಲಂಡನ್‌ನಿಂದ ಮುಂಬೈಗೆ ತಂದರು. ಹಿಡಿದದ್ದು ಬರೀ 27 ಗಂಟೆ! ಪಿಸ್ಟನ್ ಎಂಜಿನ್ ವಿಮಾನಕ್ಕೆ ಅದೊಂದು ದಾಖಲೆ ಎನ್ನಲಾಗುತ್ತದೆ.

ಮುಂದೆ ಚೆನ್ನೈಯಲ್ಲಿ ಈ ದಂಪತಿ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್ ಕಟ್ಟಿದರು. ಉಷಾ 2010ರಲ್ಲಿ ತೀರಿಕೊಂಡರು.

ಇಷ್ಟು ದೊಡ್ಡ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಎದ್ದು ಕಾಣಬೇಕಿತ್ತು. ರಾಮನಗರ, ಮಾಗಡಿ ಕಡೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೊರಟವರು ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರು ಮೈದಾನವನ್ನು ಮಕ್ಕಳಿಗೆ ತೋರಿಸಿ, ಉಷಾ ಕಲಿತದ್ದು ಇಲ್ಲೇ ಎಂದು ಹೇಳಿ.